60 ಸಾವಿರ ಸಂಬಳದಲ್ಲಿ ಮಗಳ ಇಂಜಿನಿಯರಿಂಗ್: ಎಫ್‌ಡಿ ಮುರಿಯಬೇಕೆ, ಸಾಲ ಮಾಡಬೇಕೆ?

ಹಾಸನದಲ್ಲಿದ್ದೇವೆ, ನನ್ನ ಸಂಬಳ ತಿಂಗಳಿಗೆ 60 ಸಾವಿರ, ಮನೆಯಲ್ಲಿ ಬೇರೆ ಆದಾಯ ಇಲ್ಲ, ಮಗಳು ಸೆಕೆಂಡ್ ಪಿಯುಸಿ, ಮಗ ಒಂಬತ್ತನೇ ಕ್ಲಾಸು, 6 ಲಕ್ಷದ ಎಫ್‌ಡಿ ಇದೆ, ಅದನ್ನು ಮುರಿದು ಓದಿಸಲೇ ಅಥವಾ ಸಾಲ ಮಾಡಲೇ ಎಂದು ಕೇಳಿದ್ದೀರಿ.

ಚಿಕ್ಕದಾಗಿ ಹೇಳುವುದಾದರೆ ಎಫ್‌ಡಿಗೆ ಈಗ ಕೈ ಹಾಕಬೇಡಿ. ಸಾಲವನ್ನು 7.5 ಲಕ್ಷದೊಳಗೆ ಇಡಿ. ಮಗಳು ಓದುತ್ತಿರುವಾಗಲೇ ಅದರ ಬಡ್ಡಿ ಕಟ್ಟುತ್ತಾ ಬನ್ನಿ. ಆದರೆ ನಿಮಗೆ ಅತಿ ಹೆಚ್ಚು ಹಣ ಉಳಿಯುವುದು ಕೆಇಎ (ಸಿಇಟಿ ನಡೆಸಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿಯ ವಾರದಲ್ಲಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳ ಪಟ್ಟಿಯನ್ನು ಕ್ರಮವಾಗಿ ತುಂಬುವಾಗ. ಬ್ಯಾಂಕಿನ ಮಾತು ಆಮೇಲೆ.

ಮೊದಲು ಒಂದು ಹಾಳೆಯಲ್ಲಿ ನಾಲ್ಕು ವರ್ಷದ ಪೂರ್ತಿ ಲೆಕ್ಕ ಬರೆಯಿರಿ. ಬಹಳ ಮಂದಿ ಮೊದಲ ವರ್ಷದ ಬೋಧನಾ ಶುಲ್ಕ ಒಂದನ್ನೇ ನೋಡಿ ಹೂಂ ಅಂದುಬಿಡುತ್ತಾರೆ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೆ ವರ್ಷಕ್ಕೆ ಒಂದು ಲಕ್ಷ, ಕಾಲೇಜಿನ ಇತರ ಶುಲ್ಕ 25 ಸಾವಿರ, ಬೆಂಗಳೂರಿನಲ್ಲಿ ಪಿಜಿ ಮತ್ತು ಊಟಕ್ಕೆ 1.05 ಲಕ್ಷ, ಪರೀಕ್ಷಾ ಶುಲ್ಕ, ಪುಸ್ತಕ, ಓಡಾಟಕ್ಕೆ 25 ಸಾವಿರ ಎಂದು ಹಿಡಿಯೋಣ. ಒಟ್ಟು 2.55 ಲಕ್ಷ. ವರ್ಷಕ್ಕೆ ಶೇ. 5 ಏರಿಕೆ ಸೇರಿಸಿ, ಒಂದು ಸಲದ ಲ್ಯಾಪ್‌ಟಾಪಿಗೆ 55 ಸಾವಿರ ಇಟ್ಟರೆ ನಾಲ್ಕು ವರ್ಷಕ್ಕೆ ಸುಮಾರು 11.5 ಲಕ್ಷ. ಇದೇ ಶುಲ್ಕದ ಸೀಟು ಹಾಸನದಲ್ಲೇ ಸಿಕ್ಕಿ ಮಗಳು ಮನೆಯಿಂದ ಓಡಾಡಿದರೆ 7 ಲಕ್ಷ. ಮನೆಯಿಂದಲೇ ಹೋಗಿಬರುವ ಸರ್ಕಾರಿ ಅಥವಾ ಅನುದಾನಿತ ಸೀಟು ಆದರೆ, ಬೋಧನಾ ಶುಲ್ಕ 50 ಸಾವಿರ, ಇತರ ಶುಲ್ಕ 20 ಸಾವಿರ ಹಿಡಿದರೂ 4.6 ಲಕ್ಷದ ಆಸುಪಾಸು. ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಪ್ರತ್ಯೇಕ ಪ್ರವೇಶ ಪರೀಕ್ಷೆ) ಮೂಲಕ 2.6 ಲಕ್ಷ ಶುಲ್ಕದ ಸೀಟು ತೆಗೆದುಕೊಂಡು ಬೆಂಗಳೂರಿನಲ್ಲಿ ಇದ್ದರೆ 18 ಲಕ್ಷ ದಾಟುತ್ತದೆ. ಇವು ನನ್ನ ಅಂದಾಜುಗಳು. ಆ ವರ್ಷದ ಶುಲ್ಕ ಪ್ರಕಟವಾದ ಮೇಲೆ ನಿಮ್ಮ ಅಂಕಿ ಹಾಕಿಕೊಳ್ಳಿ. ಒಂದೇ ಡಿಗ್ರಿಗೆ 4.6ರಿಂದ 18ರವರೆಗೆ ಅಂತರವಿದೆ. ಯಾವ ಬ್ಯಾಂಕಿನ ಬಡ್ಡಿ ರಿಯಾಯಿತಿಯೂ ಇದನ್ನು ತುಂಬಿಕೊಡಲಾರದು.

ನಿಮ್ಮ ಊರಿನಲ್ಲೇ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ, ಅನುದಾನಿತ ಸೀಟುಗಳಿರುವ ಮಲೆನಾಡು ಇಂಜಿನಿಯರಿಂಗ್ ಕಾಲೇಜೂ ಇದೆ. ಅನುದಾನಿತ ಎಂದರೆ ಏನೆಂದು ಅನೇಕರಿಗೆ ಗೊತ್ತಿಲ್ಲದೆ ಸೀಟು ತಪ್ಪಿಹೋಗುತ್ತದೆ. ಮೈಸೂರಿನ ಎನ್‌ಐಇ, ಮಂಡ್ಯದ ಪಿಇಎಸ್, ಬೆಂಗಳೂರಿನ ಬಿಎಂಎಸ್, ಕಲಬುರಗಿಯ ಪಿಡಿಎ ಮುಂತಾದ ಹಳೆಯ ಕಾಲೇಜುಗಳಲ್ಲಿ ಕೆಲವು ಹಳೆಯ ಬ್ರಾಂಚುಗಳ ಅಧ್ಯಾಪಕರ ಸಂಬಳಕ್ಕೆ ಸರ್ಕಾರ ಅನುದಾನ ಕೊಡುತ್ತದೆ. ಹಾಗಾಗಿ ಅಲ್ಲಿನ ಶುಲ್ಕ ಅದೇ ಕಾಲೇಜಿನ ಅನುದಾನರಹಿತ ಸೀಟಿಗಿಂತ ಬಹಳ ಕಡಿಮೆ. ಕ್ಲಾಸು, ಲ್ಯಾಬು, ಕ್ಯಾಂಪಸ್ ಸಂದರ್ಶನ ಎಲ್ಲ ಒಂದೇ. ಆಪ್ಷನ್ ಎಂಟ್ರಿಯಲ್ಲಿ ಕಾಲೇಜಿನ ಹೆಸರಿನ ಜೊತೆಗೆ ಶುಲ್ಕದ ಕಾಲಮ್ಮನ್ನೂ ಸಾಲುಸಾಲಾಗಿ ಓದಿ. ಖಾಸಗಿ ವಿಶ್ವವಿದ್ಯಾಲಯಗಳ ಸಿಇಟಿ ಸೀಟುಗಳ ಶುಲ್ಕ ಬೇರೆಯೇ ಇರುತ್ತದೆ. ಕೆಇಎ ಮೂಲಕ ಬಂದ ಸೀಟೆಲ್ಲ ಅಗ್ಗ ಎಂದುಕೊಂಡವರು ಎಡವುವುದು ಇಲ್ಲೇ.

ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಮಾತ್ರ ಬಿಡಲೇಬೇಡಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದವರಿಗೆ ಹೆಚ್ಚುವರಿಯಾಗಿ ಇಟ್ಟಿರುವ ಶೇ. 5 ಸೀಟುಗಳಿವು. ಬೋಧನಾ ಶುಲ್ಕ ಇಲ್ಲ, ಉಳಿದ ಶುಲ್ಕ ಮಾತ್ರ ಕಟ್ಟಬೇಕು. ನಿಮ್ಮ ಆದಾಯ 7.2 ಲಕ್ಷ. ಒಂದೆರಡು ಇನ್‌ಕ್ರಿಮೆಂಟ್ ಬಂದರೆ ಈ ಗೆರೆ ದಾಟುತ್ತೀರಿ, ಆದ್ದರಿಂದ ಆದಾಯ ಪ್ರಮಾಣಪತ್ರಕ್ಕೆ ಈಗಲೇ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಸಿಇಟಿ ಅರ್ಜಿಯಲ್ಲಿ ಆ ಪ್ರಮಾಣಪತ್ರದ ಮೇಲಿರುವ, ಆರ್‌ಡಿಯಿಂದ ಶುರುವಾಗುವ ಸಂಖ್ಯೆ ಕೊಡಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಆರ್‌ಡಿ ಪ್ರಮಾಣಪತ್ರ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇರಲಿ. ಇನಿಷಿಯಲ್ ಹೊಂದದೆ ಕೊನೇ ವಾರದಲ್ಲಿ ಕಚೇರಿಗೆ ಅಲೆಯುವ ತಂದೆತಾಯಿಯರನ್ನು ಪ್ರತಿವರ್ಷ ನೋಡಬಹುದು. ಎಸ್‌ಎನ್‌ಕ್ಯೂ ಸೀಟು ಪಡೆದವರು ನಡುವೆ ಕಾಲೇಜನ್ನಾಗಲಿ ಬ್ರಾಂಚನ್ನಾಗಲಿ ಬದಲಿಸುವಂತಿಲ್ಲ, ಅದನ್ನು ಮಗಳಿಗೆ ಮೊದಲೇ ಹೇಳಿ. ಹಳ್ಳಿಯ ಶಾಲೆಯಲ್ಲೋ ಕನ್ನಡ ಮಾಧ್ಯಮದಲ್ಲೋ 1ರಿಂದ 10ರವರೆಗೆ ಓದಿದ್ದರೆ ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿಯನ್ನೂ ಅರ್ಜಿ ತುಂಬುವಾಗಲೇ ಕೇಳಬೇಕು.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ಛಾಯ್ಸ್ ಬರುತ್ತವೆ. ಒಂದನೆಯದು ಸೀಟು ಒಪ್ಪಿ ಶುಲ್ಕ ಕಟ್ಟಿ ಸೇರುವುದು. ಎರಡನೆಯದು ಒಪ್ಪಿ ಶುಲ್ಕ ಕಟ್ಟಿ ಮುಂದಿನ ಸುತ್ತಿಗೂ ಕಾಯುವುದು. ಮೂರನೆಯದು ಈ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದು ಹೊರಬರುವುದು. ಅಪಾಯ ಇರುವುದು ಎರಡನೆಯದರಲ್ಲಿ. ಮುಂದಿನ ಸುತ್ತಿನಲ್ಲಿ ಪಟ್ಟಿಯ ಮೇಲಿನ ಆಪ್ಷನ್ ಸಿಕ್ಕಿತೆಂದರೆ ಕೈಯಲ್ಲಿದ್ದ ಸೀಟು ತಾನಾಗಿ ರದ್ದಾಗುತ್ತದೆ. ಆ ಮೇಲಿನದು ದುಬಾರಿ ಸೀಟಾಗಿದ್ದರೆ, ಹಾಸನದ ಅನುದಾನಿತ ಸೀಟು ಕೈತಪ್ಪಿ ಲಕ್ಷಗಟ್ಟಲೆ ಹೆಚ್ಚಿನ ಸೀಟು ತಲೆಗೆ ಬರುತ್ತದೆ. ಎರಡನೇ ಸುತ್ತಿಗೆ ಮುಂಚೆ ನಿಮ್ಮ ಹಾಳೆಯ ಲೆಕ್ಕಕ್ಕೆ ಹೊಂದದ ಆಪ್ಷನ್‌ಗಳನ್ನೆಲ್ಲ ಅಳಿಸಿಹಾಕಿ.

ಈಗ ಸಾಲ. ಬೆಂಗಳೂರಿನ ಸರ್ಕಾರಿ ಕೋಟಾ ಸೀಟೇ ಸಿಕ್ಕಿತು, 11.5 ಲಕ್ಷ ಬೇಕು ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 1.8 ಲಕ್ಷದಂತೆ 7.2 ಲಕ್ಷ ಶಿಕ್ಷಣ ಸಾಲ ತೆಗೆಯಿರಿ. 7.5 ಲಕ್ಷದವರೆಗಿನ ಸಾಲಕ್ಕೆ ಕೇಂದ್ರದ ಸಾಲ ಖಾತರಿ ನಿಧಿಯ ಬೆಂಬಲ ಇರುವುದರಿಂದ ಮನೆ, ಸೈಟು ಅಡವಿಡದೆ ಸಾಲ ಸಿಗುತ್ತದೆ. 4 ಲಕ್ಷದವರೆಗೆ ನಿಮ್ಮ ಕೈಯಿಂದ ಮಾರ್ಜಿನ್ ಹಾಕಬೇಕಿಲ್ಲ, ಅದಕ್ಕಿಂತ ಹೆಚ್ಚಾದರೆ ದೇಶದೊಳಗಿನ ಓದಿಗೆ ಶೇ. 5. ಮರುಪಾವತಿಗೆ 15 ವರ್ಷದವರೆಗೂ ಅವಕಾಶ ಕೊಡುತ್ತಾರೆ, ನೀವು 10ಕ್ಕೆ ನಿಲ್ಲಿಸಿ.

ಬ್ಯಾಂಕಿನಲ್ಲಿ ಓದು ಮುಗಿದು ಒಂದು ವರ್ಷದವರೆಗೆ ಏನೂ ಕಟ್ಟುವುದು ಬೇಡ ಎನ್ನುತ್ತಾರೆ. ಆ ಐದು ವರ್ಷವೂ ಸರಳ ಬಡ್ಡಿ ಓಡುತ್ತಲೇ ಇರುತ್ತದೆ, ಕೊನೆಗೆ ಅಸಲಿಗೆ ಸೇರುತ್ತದೆ. ಶೇ. 10 ಹಿಡಿದು ನೋಡಿ. ಏನೂ ಕಟ್ಟದಿದ್ದರೆ ಐದು ವರ್ಷಕ್ಕೆ ಬಡ್ಡಿಯೇ 2.52 ಲಕ್ಷ, ಸಾಲ 9.72 ಲಕ್ಷಕ್ಕೆ ನಿಲ್ಲುತ್ತದೆ, 10 ವರ್ಷದ ಇಎಂಐ ತಿಂಗಳಿಗೆ ಸುಮಾರು 12,845. ಬಡ್ಡಿಯನ್ನು ಆಗಾಗಲೇ ತೀರಿಸಿದರೆ ಸಾಲ 7.2 ಲಕ್ಷದಲ್ಲೇ ಇರುತ್ತದೆ, ಇಎಂಐ 9,515. ವ್ಯತ್ಯಾಸ 120 ಕಂತಿಗೆ ಹತ್ತಿರಹತ್ತಿರ 4 ಲಕ್ಷ. ಅದಕ್ಕಾಗಿ ನೀವು ಓದಿನ ಅವಧಿಯಲ್ಲಿ ಕಟ್ಟುವುದು ಮೊದಲ ವರ್ಷ ತಿಂಗಳಿಗೆ 1,500, ಎರಡನೇ ವರ್ಷ 3,000, ಮೂರನೇ ವರ್ಷ 4,500, ನಂತರದ ಎರಡು ವರ್ಷ 6,000. ಹೀಗೆ ಬಡ್ಡಿ ಕಟ್ಟುವವರಿಗೆ ಶೇ. 1 ರಿಯಾಯಿತಿ ಕೊಡಲು ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಅವಕಾಶವಿದೆ. ಹೆಣ್ಣುಮಕ್ಕಳಿಗೆ ಎಸ್‌ಬಿಐ ಅರ್ಧ ಪರ್ಸೆಂಟ್ ಕಡಿಮೆ ಮಾಡುತ್ತದೆ. ಎರಡನ್ನೂ ನೀವಾಗಿಯೇ ಕೇಳಿ, ಮಂಜೂರಾತಿ ಪತ್ರದಲ್ಲಿ ಬರೆಸಿಕೊಳ್ಳಿ.

ಪಿಎಂ ವಿದ್ಯಾಲಕ್ಷ್ಮಿ ಯೋಜನೆ 2024ರ ನವೆಂಬರಿನಲ್ಲಿ ಬಂದದ್ದು. 8 ಲಕ್ಷದೊಳಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲದ ಮೇಲೆ, ಓದಿನ ಅವಧಿಯ ಬಡ್ಡಿಯಲ್ಲಿ ಶೇ. 3 ಸರ್ಕಾರವೇ ಭರಿಸುತ್ತದೆ. ಕಾಲೇಜು ಆ ಯೋಜನೆಯ ಪಟ್ಟಿಯಲ್ಲಿರಬೇಕು, ಪ್ರವೇಶ ಮೆರಿಟ್ ಮೇಲೆ ಆಗಿರಬೇಕು. ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇಲ್ಲ. ನಿಮ್ಮ ಲೆಕ್ಕದಲ್ಲಿ ಇದು ಸುಮಾರು 75 ಸಾವಿರ ಉಳಿಸುತ್ತದೆ. ಅರಿವು ಯೋಜನೆಯಲ್ಲಿ ಕೆಲವು ಸಮುದಾಯಗಳ ಅಭಿವೃದ್ಧಿ ನಿಗಮಗಳು ಶೇ. 2ಕ್ಕೆ ಸಾಲ ಕೊಡುತ್ತವೆ. ಆದಾಯ ಮಿತಿ ನಿಗಮಕ್ಕೊಂದು ಥರ, ನಿಮ್ಮ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಬ್ಯಾಂಕಿನಲ್ಲಿ ಕೆಲಸ ಕೆಡುವುದು ಸಣ್ಣ ವಿಷಯಗಳಿಂದ. ಕಾಲೇಜಿನಿಂದ ನಾಲ್ಕೂ ವರ್ಷದ ಶುಲ್ಕದ ವಿವರ ಲೆಟರ್‌ಹೆಡ್ಡಿನಲ್ಲಿ ತನ್ನಿ, ಹಾಸ್ಟೆಲ್ ಮತ್ತು ಪರೀಕ್ಷಾ ಶುಲ್ಕ ಅದರಲ್ಲಿರಲಿ. ಮೊದಲು ಬೋಧನಾ ಶುಲ್ಕಕ್ಕೆ ಮಾತ್ರ ಮಂಜೂರಾದರೆ ಎರಡನೇ ವರ್ಷ ಹಾಸ್ಟೆಲ್ ಸೇರಿಸಲು ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕಾಗುತ್ತದೆ. ಅರ್ಜಿ ಹಾಕುವ ಮೊದಲೇ ನಿಮ್ಮ ಹಳೆಯ ಸಾಲಗಳ ಚರಿತ್ರೆ ತೋರಿಸುವ ಸಿಬಿಲ್ ವರದಿ ತೆಗೆದು ನೋಡಿ. ಮರೆತುಹೋದ ಕ್ರೆಡಿಟ್ ಕಾರ್ಡ್ ಬಾಕಿ, ಮೊಬೈಲ್ ಕಂತು ಅಲ್ಲೇ ಕುಳಿತಿರುತ್ತದೆ. ಹಣ ವರ್ಷವರ್ಷ ಕಾಲೇಜಿನ ಡಿಮ್ಯಾಂಡ್ ಪತ್ರದ ಮೇಲೆ ನೇರ ಕಾಲೇಜಿಗೇ ಹೋಗುತ್ತದೆ, ಜೊತೆಗೆ ಅಂಕಪಟ್ಟಿ ಕೇಳುತ್ತಾರೆ. ಸಬ್ಜೆಕ್ಟ್ ಉಳಿದರೆ ಕಂತು ತಡವಾಗಬಹುದು, ಆದ್ದರಿಂದ ಒಂದು ಸೆಮಿಸ್ಟರ್ ಶುಲ್ಕದಷ್ಟು ಕೈಯಲ್ಲಿ ಇರಲಿ. ಸಾಲದ ಜೊತೆ ವಿಮೆ ಸೇರಿಸಿದರೆ ಅದರ ಪ್ರೀಮಿಯಂ ಸಾಲಕ್ಕೇ ಸೇರುತ್ತದೆಯೇ ಎಂದು ಕೇಳಿ. ಮಂಜೂರಾತಿಗೆ ವಾರಗಟ್ಟಲೆ ಹಿಡಿಯುತ್ತದೆ, ಕೆಇಎ ಶುಲ್ಕ ಕಟ್ಟಲು ಕೊಡುವುದು ಕೆಲವೇ ದಿನ. ಮೊದಲ ಕಂತು ನಿಮ್ಮ ಕೈಯಿಂದಲೇ ಹೋಗುತ್ತದೆ, ರಸೀದಿ ಇಟ್ಟುಕೊಂಡು ಆಮೇಲೆ ಬ್ಯಾಂಕಿನಿಂದ ಪಡೆಯಬಹುದೇ ಎಂದು ಮೊದಲೇ ಮಾತಾಡಿಕೊಳ್ಳಿ.

ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆ ರಿಯಾಯಿತಿ ಕೊಡುವ 80ಇ ಸೆಕ್ಷನ್ ಅಡಿ ತೆರಿಗೆ ಉಳಿಯುತ್ತದೆ, ಅದಕ್ಕಾಗಿಯೇ ಸಾಲ ತಗೊಳ್ಳಿ ಎನ್ನುವವರು ಸಿಗುತ್ತಾರೆ. ಆ ರಿಯಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. 7.2 ಲಕ್ಷದವರಿಗೆ 80ಇಯಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ.

ಇನ್ನು ಎಫ್‌ಡಿ. 11.5ರಲ್ಲಿ 7.2 ಸಾಲ ಹೋದರೆ ಉಳಿದದ್ದು 4.3 ಲಕ್ಷ, 48 ತಿಂಗಳಿಗೆ ಹಂಚಿದರೆ ಸುಮಾರು 9 ಸಾವಿರ. ಬಡ್ಡಿ ಸೇರಿ ಮೊದಲ ವರ್ಷ ತಿಂಗಳಿಗೆ 10,500, ನಾಲ್ಕನೇ ವರ್ಷ 15 ಸಾವಿರ. 60 ಸಾವಿರದಲ್ಲಿ ಬಿಗಿ, ಆದರೆ ಆಗುತ್ತದೆ. ನಾನು ಎಫ್‌ಡಿ ಮುರಿಯಬೇಡಿ ಎನ್ನುವುದು ನಿಮ್ಮ ಮಗನ ಕಾರಣಕ್ಕೆ. ಲೆಕ್ಕ ಹಾಕಿ ನೋಡಿ: ಮಗಳ ನಾಲ್ಕನೇ ವರ್ಷ ಮತ್ತು ಅವನ ಕಾಲೇಜಿನ ಮೊದಲ ವರ್ಷ ಒಟ್ಟಿಗೇ ಬರುತ್ತವೆ. ಆ ಜೂನ್ ತಿಂಗಳಲ್ಲಿ ಎರಡು ಶುಲ್ಕ ಒಂದೇ ಸಂಬಳದ ಮೇಲೆ ಬೀಳುತ್ತವೆ, 6 ಲಕ್ಷ ಬೇಕಾಗುವುದು ಆಗ. ಈಗಿನ ಎಫ್‌ಡಿ ನವೀಕರಣಕ್ಕೆ ಬಂದಾಗ ಒಂದೊಂದು ಲಕ್ಷದ ಆರು ಎಫ್‌ಡಿ ಮಾಡಿಸಿ, ಒಂದನ್ನು ಮುರಿದರೆ ಉಳಿದ ಐದರ ಬಡ್ಡಿ ಕೆಡುವುದಿಲ್ಲ. ಕೆಇಎ ಕಂತಿನಂಥ ಒಂದೆರಡು ತಿಂಗಳ ತುರ್ತಿಗೆ ಎಫ್‌ಡಿ ಮೇಲೆ ಓವರ್‌ಡ್ರಾಫ್ಟ್ (ಎಫ್‌ಡಿ ಮುರಿಯದೆ ಅದರ ಆಧಾರದ ಮೇಲೆ ಪಡೆಯುವ ಸಾಲ) ತೆಗೆಯಿರಿ, ಅದರ ಬಡ್ಡಿ ಸಾಮಾನ್ಯವಾಗಿ ಎಫ್‌ಡಿ ಬಡ್ಡಿಗಿಂತ ಶೇ. 1ರಷ್ಟೇ ಹೆಚ್ಚು. ಮಗಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಇದ್ದರೆ ಹತ್ತನೇ ತರಗತಿ ಮುಗಿದ ಮೇಲೆ ಹಿಂದಿನ ಮಾರ್ಚ್ ಕೊನೆಯ ಮೊತ್ತದ ಅರ್ಧದವರೆಗೆ, ಶುಲ್ಕದ ದಾಖಲೆ ತೋರಿಸಿ ತೆಗೆಯಬಹುದು. ಅದು ಮೊದಲ ವರ್ಷಕ್ಕೆ ಒದಗುತ್ತದೆ. ಚಿನ್ನದ ಸಾಲ, ಪರ್ಸನಲ್ ಲೋನ್ ಎರಡೂ ಬೇಡ, ನಾಲ್ಕು ವರ್ಷದ ಖರ್ಚಿಗೆ ಅವುಗಳ ಅವಧಿ ಹೊಂದುವುದಿಲ್ಲ.

ಮಗಳ ರ‍್ಯಾಂಕ್ ಬಂದ ಮೇಲೆ ಅದನ್ನೂ, ಯಾವ ಮೀಸಲಾತಿ ಅನ್ವಯಿಸುತ್ತದೆ ಎಂಬುದನ್ನೂ ಇಲ್ಲೇ ಕಾಮೆಂಟಿನಲ್ಲಿ ಬರೆಯಿರಿ. ಹಿಂದಿನ ವರ್ಷದ ಕಟಾಫ್ ಪಟ್ಟಿ ಇಟ್ಟುಕೊಂಡು ಆಪ್ಷನ್ ಕ್ರಮ ಹೇಗಿರಬೇಕೆಂದು ನೋಡಬಹುದು.