ಉಗಾಂಡಾದ ಹಳ್ಳಿ ಶಾಲೆಯಲ್ಲಿ ಸ್ವಯಂಸೇವೆ ಮುಗಿಯಲು ಐದು ವಾರ ಬಾಕಿ. ಊರಿಗೆ ಮರಳುವ ಮೊದಲು ಏನೇನು ಮಾಡಬೇಕು?

ನೀವು ಕುಮಟಾದವರು, ಮಸಾಕಾ ಹತ್ತಿರದ ಶಾಲೆಯಲ್ಲಿ ಹತ್ತು ತಿಂಗಳಿಂದ ವಿಜ್ಞಾನ ಪಾಠ ಮಾಡುತ್ತ ಮಳೆನೀರಿನ ಟ್ಯಾಂಕನ್ನೂ ನೋಡಿಕೊಂಡಿದ್ದೀರಿ, ಜುಲೈ ನಡುವಿಗೆ ಹೊರಡುತ್ತೀರಿ ಎಂದು ಬರೆದಿದ್ದೀರಿ. ಉಳಿದ ದಿನಗಳಲ್ಲಿ ಇನ್ನೊಂದು ಟ್ಯಾಂಕ್ ಕಟ್ಟಿಸಿ ಬರಲೇ ಎಂದು ಕೇಳಿದ್ದೀರಿ. ದಯವಿಟ್ಟು ಕಟ್ಟಿಸಬೇಡಿ. ಅಲ್ಲಿ ಮುಂದಿನ ಮಳೆ ಹಿಡಿಯುವುದು ಸೆಪ್ಟೆಂಬರಿಗೆ. ಹೊಸ ಟ್ಯಾಂಕ್ ಸೋರುತ್ತದೆ ಎಂದು ಗೊತ್ತಾಗುವ ಹೊತ್ತಿಗೆ ನೀವು ಕುಮಟಾದಲ್ಲಿರುತ್ತೀರಿ, ರಿಪೇರಿ ಶಾಲೆಯವರ ತಲೆಗೆ ಬರುತ್ತದೆ.

ಇರುವ ಟ್ಯಾಂಕನ್ನೇ ಶಾಲೆಯವರಿಗೆ ಸರಿಯಾಗಿ ಒಪ್ಪಿಸಿ. ಇಬ್ಬರಿಗೆ ಕಲಿಸಿ, ಅವರಲ್ಲಿ ಒಬ್ಬರು ಅಡುಗೆಯವರೋ ಕಾವಲಿನವರೋ ಆಗಿರಲಿ. ಶಿಕ್ಷಕರು ಬೇರೆ ಶಾಲೆಗೆ ಹೋಗಬಹುದು, ಊರಿನವರು ಅಲ್ಲೇ ಇರುತ್ತಾರೆ. ಮೂರನೇ ವಾರದಿಂದ ನೀವು ಸ್ಪ್ಯಾನರ್ ಮುಟ್ಟಲೇಬೇಡಿ. ಅವರು ಮಾಡುವಾಗ ಹಿಂದೆ ನಿಂತು ನೋಡಿ, ಕೇಳಿದರೆ ಮಾತ್ರ ಹೇಳಿ.

ನಮ್ಮ ಕಡೆಯ ರೂಢಿ ಅಲ್ಲಿ ನಡೆಯುವುದಿಲ್ಲ. ಕುಮಟಾದಲ್ಲಿ ಮೇ ಕೊನೆಗೆ ಮಾಡು ಗುಡಿಸಿ, ಅದರ ನೀರು ಹರಿಯುವ ದಂಬೆ ತೊಳೆದರೆ ಆ ವರ್ಷಕ್ಕೆ ಆಯಿತು. ಮಸಾಕಾ ಭೂಮಧ್ಯರೇಖೆಗೆ ತಾಗಿಕೊಂಡಂತಿರುವ ಊರು. ಮಾರ್ಚ್‌ನಿಂದ ಮೇವರೆಗೆ ಒಂದು ಮಳೆಗಾಲ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಇನ್ನೊಂದು. ಹಾಗಾಗಿ ಫೆಬ್ರವರಿಯಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ತೊಳೆಯಬೇಕು. ಈ ಎರಡು ತಿಂಗಳ ಹೆಸರನ್ನು ಟ್ಯಾಂಕಿನ ಮೇಲೇ ಪೇಂಟಿನಲ್ಲಿ ಬರೆಸಿ. ನೋಟ್‌ಬುಕ್ ಕಳೆದುಹೋಗುತ್ತದೆ.

ಹೆಚ್ಚಾಗಿ ಕೆಡುವುದು ಮೊದಲ ಮಳೆಯ ಕೊಳೆ ನೀರು ಹಿಡಿಯುವ ಪೈಪು. ಮಾಡಿನ ಪ್ರತಿ ಚದರ ಮೀಟರಿಗೆ ಅರ್ಧ ಲೀಟರ್‌ನಷ್ಟಾದರೂ ಮೊದಲ ನೀರನ್ನು ಆ ಪೈಪಿಗೆ ಬಿಡಬೇಕು. 60 ಚದರ ಮೀಟರ್ ಮಾಡಿಗೆ 30 ಲೀಟರ್. ನಾಲ್ಕು ಇಂಚಿನ ಪೈಪು ಮೀಟರಿಗೆ ಸುಮಾರು 8 ಲೀಟರ್ ಹಿಡಿಯುತ್ತದೆ, ಅಂದರೆ ಹತ್ತಿರ ಹತ್ತಿರ 4 ಮೀಟರ್ ಪೈಪು ಬೇಕು. ಅದರ ತಳದ ಮುಚ್ಚಳದಲ್ಲಿ ಸಣ್ಣ ತೂತಿರುತ್ತದೆ, ಮಳೆ ನಿಂತ ಮೇಲೆ ನೀರು ಅಲ್ಲಿಂದ ತೊಟ್ಟಿಕ್ಕಿ ಪೈಪು ಖಾಲಿಯಾಗಬೇಕು. ಕೆಂಪು ಧೂಳು, ಎಲೆಚೂರು ಸೇರಿ ಆ ತೂತು ಕಟ್ಟಿಕೊಂಡರೆ ಪೈಪು ತುಂಬಿಯೇ ನಿಂತಿರುತ್ತದೆ, ಮುಂದಿನ ಮಳೆಗೆ ಹಕ್ಕಿ ಹಿಕ್ಕೆಯೆಲ್ಲ ನೇರ ಟ್ಯಾಂಕಿಗೆ. ಹೊರಗಿನಿಂದ ನೋಡಿದರೆ ಏನೂ ತಿಳಿಯದು. ಮಳೆ ನಿಂತ ಮರುದಿನ ಬೆರಳ ಗೆಣ್ಣಿನಿಂದ ಪೈಪಿನ ಬುಡ ತಟ್ಟಿ ನೋಡಲು ಕಲಿಸಿ. ಟೊಳ್ಳು ಸದ್ದಾದರೆ ಸರಿ. ತೆಂಗಿನಕಾಯಿ ತಟ್ಟಿದ ಹಾಗೆ ಮಂದ ಸದ್ದು ಬಂದರೆ ಮುಚ್ಚಳ ಬಿಚ್ಚಿ ಕಡ್ಡಿ ಆಡಿಸಬೇಕು. ಮುಚ್ಚಳವನ್ನು ಸಲ್ಯೂಶನ್ ಹಾಕಿ ಅಂಟಿಸಿದ್ದರೆ ಈಗಲೇ ತಿರುಗಿಸಿ ತೆಗೆಯುವಂಥದ್ದು ಹಾಕಿಸಿ. ಬಿಚ್ಚಲಾಗದ್ದನ್ನು ಯಾರೂ ತೊಳೆಯುವುದಿಲ್ಲ.

ನಲ್ಲಿಯ ವಾಷರ್, ಸೊಳ್ಳೆ ಜಾಲರಿಯನ್ನು ಮಸಾಕಾದ ಅಂಗಡಿಯಲ್ಲೇ ಕೊಳ್ಳಿ, ನೀವು ಕಲಿಸಿದ ಆ ಇಬ್ಬರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಲ್ಯಾಪ್‌ಟಾಪ್ ಬಿಟ್ಟು ಬರುವುದಾದರೆ ಶಾಲೆಯ ದಾಸ್ತಾನು ಪುಸ್ತಕದಲ್ಲಿ ನಮೂದಿಸಿ ಸಹಿ ಹಾಕಿಸಿ, ಇಲ್ಲವಾದರೆ ಅದು ಯಾರದೋ ಸ್ವಂತದ್ದಾಗಿಬಿಡುತ್ತದೆ. ಹಣ ಕೊಡುವ ಮನಸ್ಸಿದ್ದರೆ ಶಾಲೆಯ ಖಾತೆಗೆ ಕೊಟ್ಟು ರಸೀದಿ ಪಡೆಯಿರಿ, ಒಂದೇ ಮಗುವಿನ ಕೈಗೆ ಬೇಡ.

ಮಕ್ಕಳಿಗೆ ಹೊರಡುವ ತಾರೀಕನ್ನು ಮೂರು ವಾರ ಮೊದಲೇ ತಿಳಿಸಿ. ಮನೆ ಬಿಡುವಾಗ ‘ಹೋಗ್ತೇನೆ’ ಅನ್ನಬಾರದು, ‘ಹೋಗಿ ಬರ್ತೇನೆ’ ಅನ್ನಬೇಕೆಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಅಲ್ಲಿ ಆ ಮಾತು ಬೇಡ. ನಮಗೆ ಅದು ಶುಭದ ಮಾತು, ಎಂಟು ವರ್ಷದ ಮಗುವಿಗೆ ಅದು ಕೊಟ್ಟ ಮಾತು. ಮುಂದಿನ ಟರ್ಮ್ ಶುರುವಾದಾಗ ಗೇಟಿನ ಕಡೆ ನೋಡುತ್ತದೆ. ಅಲ್ಲಿನ ಲುಗಾಂಡಾ ಭಾಷೆಯಲ್ಲಿ ‘ವೇಬಲೆ ನ್ಯೊ’ ಎಂದು ಧನ್ಯವಾದ ಹೇಳಿ, ‘ವೇರಾಬಾ’ ಎಂದು ಬೀಳ್ಕೊಳ್ಳಿ. ಬರುವುದು ಖಚಿತವಿಲ್ಲದಿದ್ದರೆ ಅಷ್ಟೇ ಸಾಕು. ಇದು ಕಷ್ಟ ಎಂದು ನನಗೆ ಗೊತ್ತು, ಆದರೂ ಹೀಗೇ ಮಾಡಿ.

ಕಾಗದಪತ್ರದಲ್ಲಿ ಮುಖ್ಯವಾದದ್ದು ಹಳದಿ ಜ್ವರದ ಲಸಿಕೆ ಕಾರ್ಡು. ಅದು ಕೈಚೀಲದಲ್ಲೇ ಇರಲಿ. ಇಲ್ಲದಿದ್ದರೆ ಭಾರತದಲ್ಲಿ ಇಳಿದಾಗ 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಕಾರ್ಡಿನಲ್ಲಿ ಹತ್ತು ವರ್ಷ ಎಂದು ಬರೆದಿದ್ದರೂ ಚಿಂತೆಯಿಲ್ಲ, 2016ರ ಜುಲೈನಿಂದ ಅದು ಜೀವನಪೂರ್ತಿ ಮಾನ್ಯ. ಉಗಾಂಡಾ ಶಿಲ್ಲಿಂಗನ್ನು ನಮ್ಮೂರಲ್ಲಿ ಬದಲಿಸಿಕೊಳ್ಳುವುದು ಕಷ್ಟ, ಮೊಬೈಲ್ ಮನಿಯಲ್ಲಿ ಉಳಿದದ್ದನ್ನು ಅಲ್ಲೇ ಖಾಲಿ ಮಾಡಿ.

ಮಟೋಕೆ ಬಾಳೆಯ ಕಂದು ತಂದು ಮನೆ ತೋಟದಲ್ಲಿ ನೆಡುವ ಆಸೆ ಎಂದಿದ್ದೀರಿ. ಕೈಮುಗಿದು ಕೇಳುತ್ತೇನೆ, ತರಬೇಡಿ. ಅಲ್ಲಿ 2001ರಲ್ಲಿ ಕಾಣಿಸಿಕೊಂಡ ಬ್ಯಾಕ್ಟೀರಿಯಾ ಸೊರಗು ರೋಗ ಕಂದು, ಕತ್ತಿ, ಹೂವಿಗೆ ಬರುವ ಕೀಟಗಳಿಂದ ಹರಡುತ್ತದೆ. ನೋಡಲು ಚೆನ್ನಾಗಿರುವ ಕಂದಿನಲ್ಲೂ ಅದು ಅಡಗಿರಬಹುದು. ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ, ಕ್ವಾರಂಟೈನ್ ಇಲ್ಲದೆ ಗಿಡ ತರುವುದು ಕಾನೂನಿನಲ್ಲೂ ತಪ್ಪು. ನಮ್ಮ ಅಡಿಕೆ ತೋಟಗಳಲ್ಲಿ ನಡುನಡುವೆ ಬಾಳೆ ಇದ್ದೇ ಇದೆ. ರೋಗ ಹಬ್ಬಲು ಒಂದು ಕಂದು ಸಾಕು.

ಮಲೇರಿಯಾ ಮಾತ್ರೆಯನ್ನು ವಿಮಾನ ಇಳಿದ ದಿನವೇ ಬಿಡಬಾರದು. ಡಾಕ್ಸಿಸೈಕ್ಲಿನ್ ಆದರೆ ಬಂದ ಮೇಲೂ 4 ವಾರ, ಅಟೊವಕ್ವೋನ್-ಪ್ರೊಗ್ವಾನಿಲ್ ಆದರೆ 7 ದಿನ. ಜುಲೈನಲ್ಲಿ ಜ್ವರ ಎಂದು ಹೋದರೆ ನಮ್ಮ ಡಾಕ್ಟರು ಮೊದಲು ಡೆಂಗಿ, ಇಲಿಜ್ವರ ನೋಡುತ್ತಾರೆ. ಬೇಸಿಗೆ ಕಡೆಗಾದರೆ, ಅದರಲ್ಲೂ ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ, ಮಂಗನ ಕಾಯಿಲೆ. ಉಗಾಂಡಾದ ಮಲೇರಿಯಾ ಬಹುಪಾಲು ಫಾಲ್ಸಿಪ್ಯಾರಮ್ ಎಂಬ ತೀವ್ರ ಬಗೆಯದು, ಒಂದೆರಡು ದಿನ ತಡವಾದರೂ ಜೀವಕ್ಕೆ ಅಪಾಯ. ಬಂದು ಒಂದು ವರ್ಷದೊಳಗೆ ಯಾವಾಗ ಜ್ವರ ಬಂದರೂ ‘ಉಗಾಂಡಾದಲ್ಲಿದ್ದೆ’ ಎಂದು ಮೊದಲ ಮಾತಿಗೇ ಹೇಳಿ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ನಿಮ್ಮ ಮನೆಯವರಿಗೂ ಇದನ್ನು ಹೇಳಿಡಿ, ಜ್ವರ ಏರಿದಾಗ ನಿಮಗೆ ನೆನಪಾಗದಿರಬಹುದು. ವಿಕ್ಟೋರಿಯಾ ಸರೋವರದಲ್ಲಿ ಈಜಿದ್ದರೆ ಬಸವನಹುಳದಿಂದ ಬರುವ ಶಿಸ್ಟೊಸೋಮಿಯಾಸಿಸ್ ಎಂಬ ಪರೋಪಜೀವಿ ರೋಗದ ಪರೀಕ್ಷೆಯೂ ಆಗಬೇಕು. ಕೊನೆಯ ಸಲ ನೀರಿಗಿಳಿದು 6ರಿಂದ 8 ವಾರ ಕಳೆದ ಮೇಲೆ ಮಾಡಿಸಿ, ಅದಕ್ಕೂ ಮೊದಲು ಮಾಡಿಸಿದರೆ ಇದ್ದರೂ ಕಾಣಿಸದೆ ಹೋಗಬಹುದು.