ಬಾಕ್ಸ್ ಬಿಡಿ, ಫೋಟೋ ಬಿಡಬೇಡಿ

ವಿಜಯನಗರದ ಓದುಗರಿಗೆ,

ನಿಮ್ಮ ಪತ್ರ ಎರಡು ಸಲ ಓದಿದೆ ಮೇಡಂ. ಕೆಲಸ ಬಿಟ್ಟು ಮನೇಲೇ ಸಂಕ್ರಾಂತಿಗೆ ಎಳ್ಳುಬೆಲ್ಲದ ಬಾಕ್ಸ್ ಮಾಡೋಕೆ ಶುರು ಮಾಡಿದ್ರಿ, ಬೆಲ್ಲ ಪಸೆ ಬಿಟ್ಟು ಎಳ್ಳು ಕೊಬ್ಬರಿಗೆಲ್ಲಾ ಅಂಟುತ್ತೆ ಅಂತ ಬೆಲ್ಲಕ್ಕೇ ಬೇರೆ ಪುಟ್ಟ ಪೊಟ್ಟಣ ಇಟ್ರಿ, ಮೇಲೊಂದು ಮನೆಯವರ ಹೆಸರಿನ ಚೀಟಿ, ಜೊತೆಗೆ ಎರಡು ಸಕ್ಕರೆ ಅಚ್ಚು. ಈಗ ಆಫೀಸಲ್ಲಿ ಆರು ವರ್ಷ ಪಕ್ಕದ ಸೀಟಲ್ಲಿ ಕೂತಿದ್ದ ಗೆಳತಿ ಅದೇ ಬಾಕ್ಸು, ಅದೇ ಚೀಟಿ, 20 ರೂಪಾಯಿ ಕಮ್ಮಿ ರೇಟು. ಸಾಲದ್ದಕ್ಕೆ ನೀವು ತೆಗೆದ ಫೋಟೋನೇ ಇನ್‌ಸ್ಟಾಗ್ರಾಮ್‌ಗೆ ಹಾಕ್ಕೊಂಡಿದ್ದಾರೆ. ಪೊಲೀಸ್ ಕಂಪ್ಲೇಂಟ್ ಕೊಡ್ಲಾ, ಇಲ್ಲಾ ಹಳೇ ಆಫೀಸ್ ಗ್ರೂಪಲ್ಲಿ ಎಲ್ಲರ ಮುಂದೆ ಕೇಳಿಬಿಡ್ಲಾ ಅಂತಿದ್ದೀರಿ.

ಎರಡೂ ಬೇಡ ಕಣ್ರೀ. ಬೆಲ್ಲ ಬೇರೆ ಇಡೋದು ಐಡಿಯಾ, ಐಡಿಯಾಗೆ ಕಾಪಿರೈಟ್ ಇಲ್ಲ, ಸುಪ್ರೀಂ ಕೋರ್ಟ್ 1978ರಲ್ಲೇ ಒಂದು ನಾಟಕ-ಸಿನಿಮಾ ಜಗಳದಲ್ಲಿ ಇದನ್ನ ಹೇಳಿಯಾಗಿದೆ. ಹಾಗೆ ಇಲ್ಲದಿರೋದೇ ಒಳ್ಳೇದು ಅನ್ಸುತ್ತೆ ನನಗೆ, ಇಲ್ಲಾಂದ್ರೆ 80ರ ದಶಕದಲ್ಲಿ ಮೊದಲು ಒಂದು ದರ್ಶಿನಿ ತೆಗೆದವರು ನಿಂತ್ಕೊಂಡು ಇಡ್ಲಿ ತಿನ್ನೋದು ನಮ್ಮದು ಅಂತ ಕೂತಿದ್ರೆ ಬೆಂಗಳೂರಲ್ಲಿ ಅರ್ಧ ಜನ ಬೆಳಗ್ಗೆ ಉಪವಾಸ.

ಆದ್ರೆ ಫೋಟೋ ಬೇರೆ ವಿಷ್ಯ. ನೀವು ಕ್ಲಿಕ್ ಮಾಡಿದ ಕ್ಷಣದಿಂದ ಅದರ ಕಾಪಿರೈಟ್ ನಿಮ್ಮದು, ಎಲ್ಲೂ ರಿಜಿಸ್ಟರ್ ಮಾಡಿಸಬೇಕಿಲ್ಲ. ಒರಿಜಿನಲ್ ಫೋನಲ್ಲಿ ಡಿಲೀಟ್ ಮಾಡ್ದೆ ಇಟ್ಕೊಳಿ, ಅವರ ಪೋಸ್ಟ್‌ದು ಸ್ಕ್ರೀನ್‌ಶಾಟ್ ಇವತ್ತೇ ತಗೊಳಿ.

ಇನ್ನು ಹೆಸರು. ನಿಮ್ಮ ಬ್ರ್ಯಾಂಡ್ ಹೆಸರನ್ನ ಅವರಿನ್ನೂ ಮುಟ್ಟಿಲ್ಲ, ಮುಟ್ಟೋ ಮುಂಚೆ ಟ್ರೇಡ್‌ಮಾರ್ಕ್ ಹಾಕಿ. ಒಬ್ಬರ ಹೆಸರಲ್ಲಿ ಆನ್‌ಲೈನ್ ಅರ್ಜಿಗೆ ಒಂದು ಕ್ಲಾಸ್‌ಗೆ (ಅಂದ್ರೆ ಸಾಮಾನಿನ ಒಂದು ವರ್ಗಕ್ಕೆ) 4,500 ರೂಪಾಯಿ ಫೀಸು, ಸಿಕ್ಕಿದ್ರೆ 10 ವರ್ಷ ಇರುತ್ತೆ, ಆಮೇಲೆ ರಿನ್ಯೂ. ಬರೀ "ಎಳ್ಳುಬೆಲ್ಲ ಬಾಕ್ಸ್" ಥರ ಸಾಮಾನನ್ನೇ ಹೇಳೋ ಹೆಸರಿಗೆ ಟ್ರೇಡ್‌ಮಾರ್ಕ್ ಆಫೀಸಿಂದ ತಕರಾರು ಬರುತ್ತೆ, ನಿಮ್ಮದೇ ಅನ್ನೋ ಥರದ ಹೆಸರು ಇರ್ಲಿ.

ನಿಮ್ಮ ಪತ್ರದಲ್ಲಿ ನಡುವೆ ಒಂದು ಸಾಲಿದೆ, ನೀವೇ ಗಮನಿಸಿಲ್ಲ ಅನ್ಸುತ್ತೆ: "ಸ್ಯಾಂಪಲ್ ಬಂದ ದಿನಾನೇ ಸ್ಟೇಟಸ್ ಹಾಕ್ತೀನಿ." ಅಲ್ಲೇ ಸೋರ್ತಿರೋದು! ಹಬ್ಬಕ್ಕೆ ಇನ್ನೂ ಎರಡು ತಿಂಗಳಿದೆ, ಅವರಿಗೆ ಬೇಕಾದಷ್ಟು ಟೈಮು. ಸ್ಟೇಟಸ್ ಅವರಿಗೆ ಕಾಣದ ಹಾಗೆ ಮಾಡಿ, ಹೊಸದನ್ನ ಆರ್ಡರ್ ತಗೊಳೋ ದಿನ ತೋರ್ಸಿ. ಬಾಕ್ಸ್ ಮಾಡಿಸೋ ಅಂಗಡೀಲೂ ನೋಡ್ಕೊಳಿ, ಚಿಕ್ಕಪೇಟೆ ಸುಲ್ತಾನ್‌ಪೇಟೆ ಕಡೆ ನಿಮ್ಮ ಸ್ಯಾಂಪಲ್ಲು ಟೇಬಲ್ ಮೇಲೇ ಇರುತ್ತೆ, ಮುಂದಿನ ಗಿರಾಕಿ "ಇದೇ ಥರ ಮಾಡ್ಕೊಡಿ" ಅಂದ್ರೆ ಅವರು ಬೇಡ ಅಂತಾರಾ?

ನನ್ನ ಕಥೆ ಒಂದು ಹೇಳ್ಬೇಕು. ಹಿಂದೊಂದು ಸಲ ಜೊತೇಲಿ ಕೆಲಸ ಮಾಡಿದವರೊಬ್ಬರು ಬೇರೆ ಪತ್ರಿಕೆ ಸೇರಿ ನಮ್ಮ ಒಂದು ಅಂಕಣದ ಥರದ್ದೇ ಶುರು ಮಾಡಿದ್ರು. ಉರಿದುಹೋಯ್ತು, ನಾಲ್ಕು ಪುಟದ ಕಾಗದ ಬರೆದೆ. ಅಂಚೆಗೆ ಹಾಕೋ ಮುಂಚೆ ನೆನಪಾಯ್ತು, ಆ ಅಂಕಣ ಹುಟ್ಟಿದ್ದು ಬೈ-ಟು ಕಾಫಿ ಕುಡೀತಾ, ಮೊದಲು ಬಾಯಿಬಿಟ್ಟಿದ್ದು ನಾನಾ ಅವರಾ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಕಾಗದ ಹರಿದೆ. ನೀವೂ ಲಂಚ್ ಟೈಮಲ್ಲಿ ಇಬ್ಬರೂ ಸೇರಿ ಪ್ಲಾನ್ ಮಾಡ್ತಿದ್ವಿ ಅಂದಿದ್ದೀರಿ, ಆ ಹೆಸರಿನ ಚೀಟಿ ಯಾರದ್ದು, ನಿಜ ಹೇಳಿ? (ನನಗಲ್ಲ, ನಿಮಗೇ.)

ಅವರ ಬಾಕ್ಸ್ ಒಂದು ತರಿಸಿ, ತಂಗಿ ಹೆಸರಲ್ಲಿ. ಕೊಬ್ಬರಿ ಸರಿಯಾಗಿ ಒಣಗಿಸದೆ ಕಮಟು ಬಂದಿದ್ರೆ ನೆಮ್ಮದಿಯಾಗಿರಿ. ನಿಮ್ಮದಕ್ಕಿಂತ ಚೆನ್ನಾಗಿದ್ರೆ ಅದು ದೊಡ್ಡ ಸಮಸ್ಯೆ, ಅದಕ್ಕೆ ಯಾವ ಕಾನೂನೂ ಇಲ್ಲ. ರೇಟು ಮಾತ್ರ ಇಳಿಸಬೇಡಿ.

ಈಗ ಮೆಸೇಜು. ಫೋನ್ ಮಾಡಬೇಡಿ, ಅಳು ಬರುತ್ತೆ. ಇಷ್ಟೇ ಕಳಿಸಿ: "ನೀನು ಹಾಕಿರೋ ಆ ಮೂರು ಫೋಟೋ ನಾನು ತೆಗೆದಿದ್ದು ಕಣೇ, ಭಾನುವಾರದೊಳಗೆ ತೆಗೆದುಬಿಡು. ನಿನ್ನದೇ ಬಾಕ್ಸ್ ಫೋಟೋ ಹಾಕು." ಬಾಕ್ಸ್ ಬಗ್ಗೆ, ಗೆಳೆತನದ ಬಗ್ಗೆ ಒಂದಕ್ಷರ ಬೇಡ. ಸೋಮವಾರನೂ ಫೋಟೋ ಅಲ್ಲೇ ಇದ್ರೆ ಎರಡನೇ ಮೆಸೇಜ್ ಹಾಕಬೇಡಿ, ಇನ್‌ಸ್ಟಾಗ್ರಾಮ್‌ನವರ ಕಾಪಿರೈಟ್ ಫಾರಂ ತುಂಬಿ ಕಳಿಸಿ, ಆಮೇಲೆ ಕೊಬ್ಬರಿ ಹೆಚ್ಚೋಕೆ ಕೂತ್ಕೊಳಿ.

– ಸಂ.