ತೆಗೆದರೂ ಬದುಕುತ್ತೇವೆ ಅಂದಮಾತ್ರಕ್ಕೆ ಆ ಅಂಗ ಬೇಡದ್ದಾ?

ಅಪೆಂಡಿಕ್ಸ್ ತೆಗೆಸಿಕೊಂಡವರು ಆರಾಮಾಗಿಯೇ ಇರುತ್ತಾರೆ, ಹಾಗಾದರೆ ಅದು ಸುಮ್ನೆ ಇರುವ ಅಂಗವೇ, ಇಂಥವು ಇನ್ನೂ ಇವೆಯೇ ಅಂತ ಕೇಳಿದ್ದೀರಿ. ಕೆಲವು ಇವೆ, ಆದರೆ ಜನ ಅಂದುಕೊಂಡಷ್ಟು ಇಲ್ಲ. ಒಂದು ಕಿಡ್ನಿ ತೆಗೆದರೂ ಬದುಕುತ್ತೇವೆ ಅಲ್ವಾ? ಅದನ್ನು ಯಾರೂ ಬೇಡದ್ದು ಅನ್ನುವುದಿಲ್ಲ.

ಬೇಡದ್ದು ಅಂದುಕೊಂಡು ಆಮೇಲೆ ತಪ್ಪು ಅಂತ ಗೊತ್ತಾದದ್ದರಲ್ಲಿ ನನಗೆ ಮೊದಲು ನೆನಪಾಗುವುದು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿ. ಮಕ್ಕಳಲ್ಲಿ ದೊಡ್ಡದಿರುತ್ತದೆ, ಹರೆಯದ ನಂತರ ಕುಗ್ಗುತ್ತಾ ಬಹುಪಾಲು ಕೊಬ್ಬಾಗುತ್ತದೆ. ಬೆಳೆದ ಪ್ರಾಣಿಗಳಿಂದ ತೆಗೆದರೆ ಏನೂ ಆದಂತೆ ಕಾಣುತ್ತಿರಲಿಲ್ಲ, ಹಾಗಾಗಿ ಅದರಿಂದ ಉಪಯೋಗವಿಲ್ಲ ಅಂತಲೇ ತುಂಬಾ ಜನ ನಂಬಿದ್ದರು. 1961ರಲ್ಲಿ ಜಾಕ್ ಮಿಲ್ಲರ್ ಅನ್ನುವ ವಿಜ್ಞಾನಿ ಅದನ್ನು ಆಗಷ್ಟೇ ಹುಟ್ಟಿದ ಇಲಿಮರಿಗಳಿಂದ ತೆಗೆದು ನೋಡಿದರು. ಆ ಮರಿಗಳಿಗೆ ಸೋಂಕು ತಡೆಯುವ ಶಕ್ತಿಯೇ ಇರಲಿಲ್ಲ, ಬೇರೆ ಇಲಿಯ ಚರ್ಮ ಕಸಿ ಮಾಡಿದರೂ ಅವುಗಳ ದೇಹ ಅದನ್ನು ಹೊರಗಿನದು ಅಂತ ಗುರುತಿಸಲಿಲ್ಲ. ರೋಗದ ವಿರುದ್ಧ ಹೋರಾಡುವ ಟಿ ಕೋಶಗಳು ತಯಾರಾಗುವುದೇ ಥೈಮಸ್‌ನಲ್ಲಿ. ಅಂದರೆ ಅಲ್ಲಿಯವರೆಗೆ ನೋಡಿದವರು ತಪ್ಪು ವಯಸ್ಸಿನಲ್ಲಿ ನೋಡಿದ್ದರು! ಇದಕ್ಕೂ ಮುಂಚೆ, ಥೈಮಸ್ ದೊಡ್ಡದಿದೆ ಅಂತ ಎಷ್ಟೋ ಆರೋಗ್ಯವಂತ ಮಕ್ಕಳಿಗೆ ವಿಕಿರಣ ಕೊಟ್ಟು ಅದನ್ನು ಕುಗ್ಗಿಸಿದರು, ಮುಂದೆ ಅವರಲ್ಲಿ ಥೈರಾಯ್ಡ್ ಕ್ಯಾನ್ಸರ್ ಜಾಸ್ತಿ ಕಂಡಿತು. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ದೊಡ್ಡವರಲ್ಲೂ ಅದು ಪೂರ್ತಿ ಸುಮ್ಮನಿರುವುದಿಲ್ಲ ಅನ್ನುವುದಕ್ಕೆ 2023ರಲ್ಲಿ ಬಂದ ಒಂದು ಅಮೆರಿಕನ್ ಅಧ್ಯಯನವಿದೆ: ಥೈಮಸ್ ತೆಗೆಸಿಕೊಂಡ ವಯಸ್ಕರಲ್ಲಿ ಸಾವು, ಕ್ಯಾನ್ಸರ್ ಎರಡೂ ಹೆಚ್ಚಿದ್ದವು.

ಅಪೆಂಡಿಕ್ಸ್ ವಿಷಯ ಇಷ್ಟು ಖಚಿತವಿಲ್ಲ. ಅದರ ಗೋಡೆಯಲ್ಲಿ ರೋಗನಿರೋಧಕ ಅಂಗಾಂಶ ತುಂಬಿದೆ, ಅದಂತೂ ನಿಜ. ಭೇದಿಯಾಗಿ ಕರುಳು ಖಾಲಿಯಾದಾಗ ಒಳ್ಳೆಯ ಬ್ಯಾಕ್ಟೀರಿಯಾಗಳು ಅದರಲ್ಲಿ ಉಳಿದುಕೊಂಡು ಮತ್ತೆ ಹರಡುತ್ತವೆ ಅಂತ 2007ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಹೇಳಿದರು, ನನಗೆ ಒಪ್ಪುವಂತಿದ್ದರೂ ಅದು ಇನ್ನೂ ಊಹೆಯೇ. ಇನ್ನು ಬೆನ್ನುಮೂಳೆಯ ಕೊನೆಯಲ್ಲಿರುವ ಬಾಲದ ಮೂಳೆಗೆ ಮಲದ್ವಾರದ ಸುತ್ತಲಿನ ಸ್ನಾಯುಗಳು ಅಂಟಿಕೊಂಡಿವೆ, ಅದು ಬರೀ ಬಾಲದ ಗುರುತಲ್ಲ.

ಹಾಗಂತ ಎಲ್ಲದಕ್ಕೂ ಒಂದು ಉದ್ದೇಶ ಹುಡುಕುವುದೂ ಸರಿಯಲ್ಲ. ಕಿವಿ ಅಲ್ಲಾಡಿಸುವ ಸ್ನಾಯುಗಳಿಂದ ನಮಗೆ ಹೆಚ್ಚೇನೂ ಲಾಭವಿಲ್ಲ. ಹೆಬ್ಬೆರಳು, ಕಿರುಬೆರಳು ತಾಗಿಸಿ ಮಣಿಕಟ್ಟು ಸ್ವಲ್ಪ ಮಡಚಿ, ಮಣಿಕಟ್ಟಿನ ನಡುವೆ ಒಂದು ನರದಂಥ ಎಳೆ ಎದ್ದು ಕಾಣಬಹುದು. ಅದು ಒಂದು ಸ್ನಾಯುವಿನ ತುದಿ, ಎಷ್ಟೋ ಜನರಿಗೆ ಹುಟ್ಟಿನಿಂದಲೇ ಇರುವುದಿಲ್ಲ, ಅವರ ಹಿಡಿತಕ್ಕೇನೂ ಕೊರತೆಯಿಲ್ಲ. ಸರ್ಜನ್‌ಗಳು ಬೇರೆ ಕಡೆ ಕಸಿ ಮಾಡಲು ಅದನ್ನೇ ತೆಗೆಯುತ್ತಾರೆ.

ಇನ್ನೊಂದು ಮಾತು. ಅಪೆಂಡಿಕ್ಸ್ ಊದಿಕೊಂಡು ಡಾಕ್ಟರ್ ಆಪರೇಷನ್ ಬೇಕು ಅಂದರೆ ಇದನ್ನೆಲ್ಲ ಓದಿ ಹಿಂಜರಿಯಬೇಡಿ, ಒಡೆದರೆ ಜೀವಕ್ಕೇ ಅಪಾಯ.